ಇಳಿದ ರೆಪ್ಪೆ: ಯಾವಾಗಿನಿಂದ ಎಂದು ಮೊದಲು ಕೇಳಿ

ಕಣ್ಣಿನ ಮೇಲ್ರೆಪ್ಪೆ ಜೋತುಬಿದ್ದವರು ಆಸ್ಪತ್ರೆಯಲ್ಲಿ ಹೇಳುವ ಮೊದಲ ಮಾತು ಹೆಚ್ಚಾಗಿ "ಒಂದು ಕಣ್ಣು ಸಣ್ಣ ಆಗಿದೆ" ಅಂತ. ವೈದ್ಯರು ಅದಕ್ಕೆ ಟೋಸಿಸ್ ಎಂದು ಬರೆದುಕೊಳ್ಳುತ್ತಾರೆ. ಜ್ವರ ಬಂದಿದೆ ಎಂದು ಬರೆದುಕೊಂಡ ಹಾಗೆ ಅದು, ಕಾರಣ ಇನ್ನೂ ಹುಡುಕಬೇಕು. ಕೆಲವು ಕಾರಣಗಳಿಗೆ ಅಡಿಕೆ ಕೊಯ್ಲು ಮುಗಿಸಿ ನಿಧಾನಕ್ಕೆ ಹೋದರೂ ನಡೆಯುತ್ತದೆ. ಕೆಲವಕ್ಕೆ ನಡುರಾತ್ರಿಯಾದರೂ ಗಾಡಿ ಮಾಡಿಕೊಂಡು ಹೊರಡಬೇಕು. ರೆಪ್ಪೆ ಎಷ್ಟು ಇಳಿದಿದೆ ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ಹುಟ್ಟಿನಿಂದಲೋ, ನಾಲ್ಕೈದು ವರ್ಷಗಳಿಂದಲೋ, ದಿನಾ ಸಂಜೆ ಮಾತ್ರವೋ, ಇವತ್ತು ಬೆಳಿಗ್ಗೆ ಎದ್ದಾಗಿನಿಂದಲೋ, ಅದನ್ನು ಕೇಳಿದರೆ ಅರ್ಧ ದಾರಿ ತಿಳಿಯುತ್ತದೆ.

ರೆಪ್ಪೆಯನ್ನು ಎತ್ತುವ ಮುಖ್ಯ ಸ್ನಾಯು ಲಿವೇಟರ್. ಕಣ್ಣುಗೂಡಿನ ಆಳದಲ್ಲಿ ಹುಟ್ಟಿ, ಗುಡ್ಡೆಯ ಮೇಲಿನಿಂದ ಮುಂದಕ್ಕೆ ಬಂದು, ಕೊನೆಗೆ ತೆಳ್ಳಗಿನ ಬಿಳಿ ಪಟ್ಟಿಯಾಗಿ ರೆಪ್ಪೆಯೊಳಗಿನ ಗಟ್ಟಿ ಫಲಕಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ನಡೆಸುವುದು ಮಿದುಳಿನಿಂದ ಬರುವ ಮೂರನೇ ನರ. ಲಿವೇಟರಿನ ಅಡಿಯಲ್ಲಿ ಮುಲ್ಲರ್ ಎಂಬ ಇನ್ನೊಂದು ಪುಟ್ಟ ಸ್ನಾಯು ಉಂಟು. ಅದು ಎತ್ತುವುದು ಸುಮಾರು 2 ಮಿ.ಮೀ. ಮಾತ್ರ. ಅದರ ನರದ ದಾರಿ ವಿಚಿತ್ರ: ಮಿದುಳಿನಿಂದ ಎದೆಯ ಮೇಲ್ಭಾಗದವರೆಗೆ ಇಳಿದು, ಶ್ವಾಸಕೋಶದ ತುದಿಯನ್ನು ಬಳಸಿ, ಕುತ್ತಿಗೆಯ ದೊಡ್ಡ ರಕ್ತನಾಳದ ಜೊತೆಗೆ ಮತ್ತೆ ಮೇಲೇರಿ ಕಣ್ಣಿಗೆ ಬರುತ್ತದೆ. ಎದೆಯ ರೋಗ ಕಣ್ಣಿನಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಅಳತೆಗೆ ಒಂದು ಟಾರ್ಚು, ಒಂದು ಪ್ಲಾಸ್ಟಿಕ್ ಸ್ಕೇಲು ಸಾಕು. ಮೇಲ್ರೆಪ್ಪೆ ಸಾಮಾನ್ಯವಾಗಿ ಕಣ್ಣಿನ ಕಪ್ಪುಭಾಗದ ಮೇಲಂಚನ್ನು 1ರಿಂದ 2 ಮಿ.ಮೀ. ಮುಚ್ಚಿರುತ್ತದೆ. ಎದುರಿನಿಂದ ಟಾರ್ಚು ಬಿಟ್ಟರೆ ಪಾಪೆಯ (ಕಪ್ಪುಭಾಗದ ನಡುವಿನ ಕಿಂಡಿಯ) ನಡುವೆ ಬೆಳಕಿನ ಚುಕ್ಕೆ ಕಾಣುತ್ತದಲ್ಲ, ಆ ಚುಕ್ಕೆಯಿಂದ ರೆಪ್ಪೆಯ ಅಂಚಿಗೆ 4ರಿಂದ 5 ಮಿ.ಮೀ. ಇರಬೇಕು. ಇದು 2 ಮಿ.ಮೀ.ನಷ್ಟು ಕಡಿಮೆಯಾದರೆ ಸೌಮ್ಯ, 3 ಆದರೆ ಮಧ್ಯಮ, 4 ಅಥವಾ ಹೆಚ್ಚಾದರೆ ತೀವ್ರ. ಎರಡನೇ ಅಳತೆ ಇನ್ನೂ ಮುಖ್ಯ. ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪೂರ್ತಿ ಕೆಳಗೆ ನೋಡಲು ಹೇಳಿ, ಆಮೇಲೆ ಪೂರ್ತಿ ಮೇಲೆ ನೋಡಿಸಿ, ರೆಪ್ಪೆಯ ಅಂಚು ಎಷ್ಟು ಸರಿಯಿತು ಎಂದು ನೋಡುವುದು. ಗಟ್ಟಿ ಸ್ನಾಯುವಾದರೆ 15 ಮಿ.ಮೀ. ಆಸುಪಾಸು ಬರುತ್ತದೆ, 4 ಅಥವಾ ಅದಕ್ಕಿಂತ ಕಡಿಮೆಯಾದರೆ ಲಿವೇಟರಿನಲ್ಲಿ ಹೆಚ್ಚೇನೂ ಉಳಿದಿಲ್ಲ. ಹುಬ್ಬನ್ನು ಒತ್ತದೆ ಅಳೆದರೆ ಹಣೆಯ ಸ್ನಾಯು ಕಳ್ಳತನದಿಂದ ರೆಪ್ಪೆ ಎತ್ತಿ ಸುಳ್ಳು ಲೆಕ್ಕ ಕೊಡುತ್ತದೆ. ಯಾವ ಆಪರೇಷನ್ ಎಂದು ನಿರ್ಧಾರವಾಗುವುದೇ ಈ ಎರಡನೇ ಸಂಖ್ಯೆಯಿಂದ. ಅದನ್ನು ಫೈಲಿನಲ್ಲಿ ಬರೆಯದೆ ಆಪರೇಷನ್ ತಾರೀಕು ಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

"ಯಾವಾಗಿನಿಂದ" ಎಂಬುದಕ್ಕೆ ರೋಗಿಯ ನೆನಪನ್ನು ಪೂರ್ತಿ ನಂಬಬೇಡಿ. ನಿನ್ನೆಯಿಂದ ಎನ್ನುವವರ ಮದುವೆ ಆಲ್ಬಮ್ಮಿನಲ್ಲಿ ಅದೇ ರೆಪ್ಪೆ ಅಷ್ಟೇ ಇಳಿದಿರುವುದುಂಟು. ಹಳೆಯ ಗುರುತಿನ ಚೀಟಿ, ಪಾಸ್‌ಪೋರ್ಟ್, ಶಾಲೆಯ ಗ್ರೂಪ್ ಫೋಟೋ, ಯಾವುದಾದರೂ ನಾಲ್ಕು ಫೋಟೋ ಜೊತೆಗೆ ಒಯ್ಯಿರಿ. ಎಷ್ಟೋ ಸಲ ಒಂದು ಎಂಆರ್‌ಐ ಖರ್ಚು ಅಲ್ಲೇ ಉಳಿಯುತ್ತದೆ.

ಇವತ್ತು ಬೆಳಿಗ್ಗೆಯಿಂದ

ಮಳೆಗಾಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಏಳುತ್ತಾರೆ. ಮನೆಯವರು ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕೊಡುತ್ತಾರೆ. ಗಂಟೆ ಕಳೆಯುವಾಗ ಎರಡೂ ರೆಪ್ಪೆ ಭಾರ, ಕಣ್ಣು ಬಿಡಲಿಕ್ಕೆ ಆಗುವುದಿಲ್ಲ, ಮಾತು ಮೂಗಿನಿಂದ ಬರುತ್ತದೆ, ಉಗುಳು ನುಂಗಲು ಕಷ್ಟ. ಕಾಸರಗೋಡಿನ ತೋಟದ ಮನೆಗಳಲ್ಲಿ ಈ ಚಿತ್ರ ಕಂಡರೆ ಮೊದಲು ಅನುಮಾನಿಸಬೇಕಾದ್ದು ಕಟ್ಟುಹಾವು, ಮಲೆಯಾಳದವರು ವೆಳ್ಳಿಕ್ಕೆಟ್ಟನ್ ಎನ್ನುವುದು. ಅದು ರಾತ್ರಿ ಸಂಚರಿಸುವ ಹಾವು. ಕಚ್ಚಿದ್ದು ನಿದ್ದೆಯಲ್ಲಿ ಗೊತ್ತಾಗದೇ ಇರಬಹುದು. ನೋವು, ಬಾವು ಇಲ್ಲವೆನ್ನುವಷ್ಟು ಕಡಿಮೆ. ಹಲ್ಲಿನ ಗುರುತು ಕೆಲವೊಮ್ಮೆ ಹುಡುಕಿದರೂ ಸಿಗುವುದಿಲ್ಲ. ಗುರುತಿಲ್ಲ ಎಂದು ಹಾವನ್ನು ಲೆಕ್ಕದಿಂದ ಬಿಟ್ಟರೆ ಅಲ್ಲಿಗೆ ಕೆಟ್ಟಿತು. ವಿಷ ನರದ ತುದಿಗಳನ್ನು ಹಿಡಿಯುವಾಗ ಸಾಮಾನ್ಯವಾಗಿ ಮೊದಲು ಬೀಳುವುದು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರಾಟ. ಆಸ್ಪತ್ರೆಯ ವಾರ್ಡಿನಲ್ಲೂ ನರ್ಸುಗಳು ಮತ್ತೆ ಮತ್ತೆ ಬಂದು "ಮೇಲೆ ನೋಡಿ" ಎನ್ನುವುದು ಇದಕ್ಕೇ.

ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಯಿಂದ ಹೀರುವುದು, ನಾಟಿ ಮದ್ದಿಗಾಗಿ ಕಾಯುವುದು ಯಾವುದೂ ಬೇಡ. ನಡೆಸಬೇಡಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಕರೆ ಮಾಡಿ, ಹೋಗುವ ಆಸ್ಪತ್ರೆಯಲ್ಲಿ ಹಾವಿನ ವಿಷ ಇಳಿಸುವ ಇಂಜೆಕ್ಷನ್ನೂ ವೆಂಟಿಲೇಟರೂ ಎರಡೂ ಇವೆಯೇ ಎಂದು ದಾರಿಯಲ್ಲೇ ಕೇಳಿಕೊಳ್ಳಿ. ನಮ್ಮಲ್ಲಿ ಸಿಗುವ ಆ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕನ್ನಡಿ ಹಾವು (ಕೊಳಕು ಮಂಡಲ), ಗರಗಸ ಮಂಡಲ ನಾಲ್ಕಕ್ಕೂ ಒಂದೇ, ಹಾಗಾಗಿ ಹಾವನ್ನು ಹುಡುಕಿ ಕೊಂದು ತರುವ ಶ್ರಮ ದಂಡ. ನಾಗರಹಾವಿನ ವಿಷದಲ್ಲಿ ಇಳಿದ ರೆಪ್ಪೆ ಅಟ್ರೊಪಿನ್ ಜೊತೆಗೆ ನಿಯೋಸ್ಟಿಗ್ಮಿನ್ ಕೊಟ್ಟಾಗ ಏಳುವುದುಂಟು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ಅಲ್ಲಿ ಇದರ ಉಪಯೋಗ ಕಡಿಮೆ. ನರದ ತುದಿ ಮತ್ತೆ ಬೆಳೆಯುವ ತನಕ ದಿನಗಟ್ಟಲೆ ವೆಂಟಿಲೇಟರ್ ಬೇಕಾಗಬಹುದು. ಉಸಿರಾಟವನ್ನು ಕಾಪಾಡಿಕೊಂಡರೆ ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ಒಂದೇ ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಪೂರ್ತಿ ಮುಚ್ಚಿದರೆ ಆಲೋಚನೆ ಬೇರೆ. ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿಯಿರಿ. ಗುಡ್ಡೆ ಹೊರಗೆ, ಕೆಳಗೆ ಸರಿದಿದ್ದರೆ, ಎತ್ತಿದ ಕೂಡಲೇ ಒಂದು ವಸ್ತು ಎರಡಾಗಿ ಕಂಡರೆ, ಮೂರನೇ ನರ ಕೆಟ್ಟಿದೆ. ಈಗ ಪಾಪೆ ನೋಡಿ. ಇನ್ನೊಂದು ಕಣ್ಣಿಗಿಂತ ಅದು ದೊಡ್ಡದಾಗಿದ್ದು ಟಾರ್ಚಿಗೆ ಕುಗ್ಗದಿದ್ದರೆ, ಜೊತೆಗೆ ತಲೆನೋವಿದ್ದರಂತೂ, ಮಿದುಳಿನ ರಕ್ತನಾಳ ಉಬ್ಬಿ ನರವನ್ನು ಅದುಮುತ್ತಿರಬಹುದು. ಅದು ಒಡೆಯುವ ಮೊದಲು ಸಿಟಿ ಆಂಜಿಯೋಗ್ರಾಮ್ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಆಗಬೇಕು. ಕಣ್ಣಿನ ಕ್ಲಿನಿಕ್ಕಿನಲ್ಲಿ ಟೋಕನ್ ತೆಗೆದುಕೊಂಡು ಕೂರುವ ಹೊತ್ತಲ್ಲ ಇದು. ನರದ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ, ಕಾಸರಗೋಡಿನವರಾದರೆ ಉತ್ತರಕ್ಕೆ ಮಂಗಳೂರೋ ದಕ್ಷಿಣಕ್ಕೆ ಪರಿಯಾರಮೋ, ನೇರ ಹೋಗಿ. ಪಾಪೆಯನ್ನು ನೋಡುವ ಮೊದಲೇ ಯಾರಾದರೂ ಪಾಪೆ ಹಿಗ್ಗಿಸುವ ಡ್ರಾಪ್ಸ್ ಬಿಡಲು ಬಂದರೆ ತಡೆಯಿರಿ. ಡ್ರಾಪ್ಸ್ ಬಿದ್ದ ಮೇಲೆ ಈ ಸುಳಿವು ಗಂಟೆಗಟ್ಟಲೆ ಅಳಿಸಿಹೋಗುತ್ತದೆ.

ಶುಗರ್, ಬಿಪಿ ಇದ್ದವರಲ್ಲಿ ನರಕ್ಕೆ ರಕ್ತ ಕಡಿಮೆಯಾಗಿಯೂ ಹೀಗೇ ಆಗುತ್ತದೆ. ಅದರಲ್ಲಿ ಪಾಪೆ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ, ನರ ಸುಮಾರು 3 ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ. ಆದರೆ ಮೊದಲ ದಿನ ಪಾಪೆ ಸರಿ ಇತ್ತೆಂದು ನಿಶ್ಚಿಂತೆ ಬೇಡ, ಮೊದಲ ವಾರ ದಿನಾ ನೋಡಬೇಕು. ಹುಬ್ಬಿನ ಹತ್ತಿರ ನೋವು ಎರಡರಲ್ಲೂ ಇರಬಹುದು, ಅದನ್ನು ಹಿಡಿದುಕೊಂಡು ತೀರ್ಮಾನಿಸಲಾಗದು.

ಇನ್ನೊಂದು ಸೂಕ್ಷ್ಮವಾದದ್ದು. ರೆಪ್ಪೆ ಇಳಿದಿರುವುದು 1ರಿಂದ 2 ಮಿ.ಮೀ. ಮಾತ್ರ, ಪಾಪೆ ಮಾತ್ರ ಇನ್ನೊಂದು ಕಡೆಗಿಂತ ಸಣ್ಣ, ಮಬ್ಬುಬೆಳಕಿನಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಇದು ಹಾರ್ನರ್ ಸಿಂಡ್ರೋಮ್, ಮೇಲೆ ಹೇಳಿದ ಸುತ್ತುದಾರಿಯ ನರದ ತೊಂದರೆ. ಹಠಾತ್ತಾಗಿ ಕುತ್ತಿಗೆ ನೋವಿನೊಡನೆ ಬಂದರೆ ಕುತ್ತಿಗೆಯ ರಕ್ತನಾಳದ ಗೋಡೆ ಸೀಳಿರಬಹುದು, ಅದೂ ತುರ್ತು. ಬಹುಕಾಲ ಬೀಡಿ ಸೇದಿದವರಿಗೆ ಹೆಗಲು, ತೋಳಿನ ನೋವಿನ ಜೊತೆ ಬಂದರೆ ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಇದೆಯೇ ಎಂದು ಸಿಟಿ ಸ್ಕ್ಯಾನ್ ಮಾಡಿಸಬೇಕು. ಸಾದಾ ಎಕ್ಸ್‌ರೇಯಲ್ಲಿ ಆ ತುದಿ ಎಲುಬುಗಳ ಹಿಂದೆ ಅಡಗಿಬಿಡುತ್ತದೆ.

ಸಂಜೆಗೆ ಮಾತ್ರ

ಬೆಳಿಗ್ಗೆ ಸರಿ ಇದ್ದು, ಹೊತ್ತು ಇಳಿದಂತೆ ರೆಪ್ಪೆಯೂ ಇಳಿಯುವುದಾದರೆ, ಇವತ್ತು ಬಲಗಣ್ಣು ಮುಂದಿನ ವಾರ ಎಡಗಣ್ಣು ಎಂದಾದರೆ, ಮಯಸ್ತೇನಿಯಾ ಗ್ರಾವಿಸ್ ನೆನಪಾಗಬೇಕು. ನರದಿಂದ ಸ್ನಾಯುವಿಗೆ ಸಂದೇಶ ದಾಟುವ ಜಾಗದಲ್ಲಿ ದೇಹದ್ದೇ ರೋಗನಿರೋಧಕ ಕಣಗಳು ಅಡ್ಡಿ ಮಾಡುವ ರೋಗ ಇದು. ಪಾಪೆಗೆ ಇದರಿಂದ ಏನೂ ಆಗುವುದಿಲ್ಲ.

ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ತಲೆ ಎತ್ತದೆ, ಕಣ್ಣು ಮಾತ್ರ ಎತ್ತಿ ಫ್ಯಾನಿನ ಕಡೆ ಒಂದು ನಿಮಿಷ ನೋಡಿಸಿ. ರೆಪ್ಪೆ ಮೆಲ್ಲಗೆ ಕೆಳಗಿಳಿದರೆ ಅನುಮಾನ ಬಲವಾಗುತ್ತದೆ. ಆಮೇಲೆ ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತೆಳ್ಳಗಿನ ಬಟ್ಟೆ ಸುತ್ತಿ, ಮುಚ್ಚಿದ ರೆಪ್ಪೆಯ ಮೇಲೆ 2 ನಿಮಿಷ ಇಡಿ. ತೆಗೆದ ಕೂಡಲೇ ಫೋಟೋ ಹೊಡೆಯಿರಿ, ತಡಮಾಡಿದರೆ ಪರಿಣಾಮ ಜಾರಿಹೋಗುತ್ತದೆ. ಮೊದಲಿನದಕ್ಕಿಂತ 2 ಮಿ.ಮೀ. ಅಥವಾ ಹೆಚ್ಚು ಎದ್ದಿದ್ದರೆ ಅದು ಈ ರೋಗದ ಕಡೆಗೇ ಬೆರಳು ತೋರಿಸುತ್ತದೆ. ಏಳಲಿಲ್ಲ ಎಂದರೆ ರೋಗ ಇಲ್ಲವೆಂದಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು, ಗಂಟೆ ನಮೂದಿಸಿದ ಫೋಟೋಗಳು ಒಂದು ವಾರದ್ದು ಮೊಬೈಲಿನಲ್ಲಿರಲಿ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯಿಂದ ಹೋಗಿ ಮಲೆಯಾಳದಲ್ಲಿ ವಿವರಿಸಲು ತಡವರಿಸುವವರಿಗಂತೂ ಇವು ತುಂಬ ಉಪಕಾರ. ಬೆಳಗಿನ ಒಪಿಯಲ್ಲಿ ವೈದ್ಯರಿಗೆ ಕಾಣುವುದು ಸರಿಯಾಗಿರುವ ಕಣ್ಣು ತಾನೇ.

ರಕ್ತದಲ್ಲಿ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆ್ಯಂಟಿಬಾಡಿ ಪರೀಕ್ಷೆ ಮಾಡುತ್ತಾರೆ. ರೋಗ ಕಣ್ಣಿಗೆ ಮಾತ್ರ ಸೀಮಿತವಾಗಿದ್ದವರಲ್ಲಿ ಇದು ನೆಗೆಟಿವ್ ಬರುವುದು ಸಾಮಾನ್ಯ. ಎದೆಯ ಸಿಟಿ ಸ್ಕ್ಯಾನಿನಲ್ಲಿ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯನ್ನು ನೋಡಲೇಬೇಕು. ಪಿರಿಡೊಸ್ಟಿಗ್ಮಿನ್ 60 ಮಿ.ಗ್ರಾಂ. ಮಾತ್ರೆ ಸಾಮಾನ್ಯವಾಗಿ ಮೊದಲ ಮದ್ದು. ಹೊಟ್ಟೆ ಹಿಂಡುವುದು, ಭೇದಿ, ಬಾಯಲ್ಲಿ ನೀರೂರುವುದು ಅದರ ಅಡ್ಡಪರಿಣಾಮ. ಅಳತೆ ಕಡಿಮೆ ಮಾಡಿದರೆ ತಗ್ಗುತ್ತದೆ. ಸ್ಟಿರಾಯ್ಡ್ ಶುರು ಮಾಡಿದ ಮೊದಲ ದಿನಗಳಲ್ಲಿ ಕೆಲವರಿಗೆ ನಿಶ್ಶಕ್ತಿ ಹೆಚ್ಚುತ್ತದೆ, ಆದ್ದರಿಂದ ಸಣ್ಣ ಅಳತೆಯಿಂದ ಏರಿಸುತ್ತಾರೆ.

ಹೆಚ್ಚು ಎಡವುವ ಜಾಗ ಬೇರೆಯೇ. ಜ್ವರ, ಕೆಮ್ಮು ಬಂದಾಗ ಮೆಡಿಕಲ್ ಶಾಪಿನಲ್ಲಿ ಕೇಳಿ ಅಜಿಥ್ರೊಮೈಸಿನ್ ನುಂಗುವುದು. ಅದು, ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಜೆಂಟಾಮೈಸಿನ್, ಪ್ರೊಪ್ರನಲಾಲ್, ಮೆಗ್ನೀಷಿಯಂ ಇಂಜೆಕ್ಷನ್, ಗ್ಲಾಕೋಮಾಕ್ಕೆ ಬಿಡುವ ಟಿಮೊಲಾಲ್ ಡ್ರಾಪ್ಸ್ ಕೂಡ, ಮಯಸ್ತೇನಿಯಾವನ್ನು ಕೆರಳಿಸಬಲ್ಲವು. ಇವುಗಳ ಹೆಸರು ಬರೆದ ಚೀಟಿ ಪರ್ಸಿನಲ್ಲಿರಲಿ. ಕಣ್ಣಿನಲ್ಲೇ ಶುರುವಾದವರಲ್ಲಿ ಸುಮಾರು ಅರ್ಧ ಮಂದಿಗೆ ಮೊದಲ ಎರಡು ವರ್ಷಗಳೊಳಗೆ ಕೈಕಾಲು, ಗಂಟಲಿಗೂ ಹಬ್ಬುತ್ತದೆ. ಗಂಜಿ ನುಂಗುವಾಗ ಮೂಗಿಗೆ ಬಂದರೆ, ಮಲಗಿದರೆ ಉಸಿರು ಕಟ್ಟಿದಂತಾದರೆ ಮರುದಿನದ ತನಕ ಕಾಯಬೇಡಿ. ರೋಗ ಸ್ಥಿರವಾಗುವ ಮೊದಲು ರೆಪ್ಪೆಗೆ ಆಪರೇಷನ್ ಮಾಡಿಸುವುದು ಶುದ್ಧ ದಡ್ಡತನ, ಇವತ್ತಿನ ಅಳತೆ ನಾಳೆಗೆ ಇರುವುದಿಲ್ಲ.

ವರ್ಷಗಳಿಂದ

ಐವತ್ತು ದಾಟಿದವರಲ್ಲಿ ಅತಿ ಸಾಮಾನ್ಯ ಇದು. ಲಿವೇಟರಿನ ಕೊನೆಯ ಬಿಳಿ ಪಟ್ಟಿ ಹಿಗ್ಗಿ, ತೆಳ್ಳಗಾಗಿ, ಫಲಕದಿಂದ ಬಿಟ್ಟುಕೊಳ್ಳುತ್ತದೆ. ಸ್ನಾಯು ಗಟ್ಟಿ ಇದ್ದೇ ಇರುತ್ತದೆ, ಅದರ ಹಿಡಿತ ಮಾತ್ರ ತಪ್ಪಿದ್ದು. ಹಾಗಾಗಿ ಮೇಲೆ ಹೇಳಿದ ಎರಡನೇ ಅಳತೆಯಲ್ಲಿ ರೆಪ್ಪೆ 12 ಮಿ.ಮೀ.ಗಿಂತ ಹೆಚ್ಚು ಸರಿಯುತ್ತದೆ, ರೆಪ್ಪೆಯ ಮಡಿಕೆ ಮಾತ್ರ ಮೇಲಕ್ಕೇರಿ ಕುಳಿತಿರುತ್ತದೆ. ಕಣ್ಣು ಉಜ್ಜುವ ಅಭ್ಯಾಸ, ವರ್ಷಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್, ಪೊರೆಯ ಆಪರೇಷನ್ನಿನಲ್ಲಿ ರೆಪ್ಪೆ ಹಿಗ್ಗಿಸಿ ಹಿಡಿಯುವ ಕ್ಲಿಪ್ಪು, ಎಲ್ಲವೂ ಇದಕ್ಕೆ ಕಾರಣವಾಗುತ್ತವೆ. ಅಡಿಕೆ ಗೊನೆ ನೋಡಲು ಗಲ್ಲ ಎತ್ತಿ ಎತ್ತಿ ಕುತ್ತಿಗೆ ನೋವು, ಹುಬ್ಬು ಏರಿಸಿ ಏರಿಸಿ ಹಣೆನೋವು, ಓದುವಾಗ ಕೆಳಗೆ ನೋಡಿದರೆ ರೆಪ್ಪೆ ಇನ್ನೂ ಇಳಿದು ಅಕ್ಷರ ಮುಚ್ಚುವುದು, ಹೇಳಿಕೊಳ್ಳುವ ತೊಂದರೆಗಳು ಇವು. ಹರಳೆಣ್ಣೆ ಸವರುವುದರಿಂದಲೋ ರೆಪ್ಪೆಯ ವ್ಯಾಯಾಮದಿಂದಲೋ ಬಿಟ್ಟುಹೋದ ಪಟ್ಟಿ ಮತ್ತೆ ಅಂಟುವುದಿಲ್ಲ. ತಿಕ್ಕಿದರೆ ಇನ್ನಷ್ಟು ಸಡಿಲವಾಗುತ್ತದೆ.

ಟೋಸಿಸ್ ಅಲ್ಲದ್ದೂ ಹಾಗೆ ಕಾಣುತ್ತದೆ. ಜೋತ ಚರ್ಮವನ್ನು ಹತ್ತಿಕಡ್ಡಿಯಿಂದ ಮೇಲೆತ್ತಿ, ರೆಪ್ಪೆಯ ಅಂಚು ತನ್ನ ಜಾಗದಲ್ಲೇ ಇದ್ದರೆ ತೆಗೆಯಬೇಕಾದ್ದು ಚರ್ಮ ಮಾತ್ರ. ಥೈರಾಯ್ಡಿನಿಂದ ಒಂದು ಕಣ್ಣು ಅಗಲ ತೆರೆದಿದ್ದರೆ ಸರಿ ಇರುವ ಇನ್ನೊಂದು ಕಣ್ಣು ಇಳಿದಂತೆ ಕಾಣುತ್ತದೆ. ಕುರುವಿನ ಗಂಟು ಭಾರವಾಗಿ ಇಳಿದಿದ್ದರೆ ಬಿಸಿ ಬಟ್ಟೆಯ ಶಾಖ 10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಎರಡೂ ರೆಪ್ಪೆ ಹತ್ತಾರು ವರ್ಷಗಳಲ್ಲಿ ಮೆಲ್ಲಗೆ ಇಳಿದು ಗುಡ್ಡೆಗಳೂ ಅಲುಗಾಡದಿದ್ದರೆ ಅದು ಸ್ನಾಯುವಿನದೇ ರೋಗ. ಅಂಥವರಿಗೆ ಇಸಿಜಿ ಮರೆಯಬಾರದು.

ಹುಟ್ಟಿನಿಂದ

ಇಲ್ಲಿ ಲಿವೇಟರ್ ಸರಿಯಾಗಿ ಬೆಳೆದೇ ಇರುವುದಿಲ್ಲ, ಸ್ನಾಯುವಿನ ಜಾಗದಲ್ಲಿ ನಾರು, ಕೊಬ್ಬು. ಬಿಗಿಯಾದ ನಾರಾದ್ದರಿಂದ ಮಗು ಕೆಳಗೆ ನೋಡುವಾಗ ಆ ರೆಪ್ಪೆ ಇನ್ನೊಂದಕ್ಕಿಂತ ಮೇಲೆಯೇ ನಿಲ್ಲುತ್ತದೆ, ವಯಸ್ಸಾದವರಲ್ಲಿ ಆಗುವುದಕ್ಕೆ ತಿರುವುಮುರುವು. ಮಡಿಕೆ ಇರುವುದೇ ಇಲ್ಲ ಅಥವಾ ಮಸುಕು. ಕೆಲವು ಶಿಶುಗಳಲ್ಲಿ ಹಾಲು ಚೀಪುವಾಗ ರೆಪ್ಪೆ ಟಕ್ಕನೆ ಮೇಲೆ ಹಾರುತ್ತದೆ. ದವಡೆಯ ನರ ತಪ್ಪಾಗಿ ರೆಪ್ಪೆಗೂ ಜೋಡಿಕೊಂಡದ್ದರಿಂದ.

"ದೊಡ್ಡದಾಗುವಾಗ ಸರಿಯಾಗುತ್ತದೆ" ಎಂದು ಹಿರಿಯರು ಹೇಳುವ ಮಾತು ಇಲ್ಲಿ ಹಾನಿ ಮಾಡುತ್ತದೆ. ನೋಡಲು ಕಲಿಯುವುದು ಮಿದುಳು, ಆ ಕಲಿಕೆ ಸುಮಾರು 7-8 ವರ್ಷದವರೆಗೆ. ಪಾಪೆ ಮುಚ್ಚಿದ್ದರೆ ಆ ಕಣ್ಣು ಸೋಮಾರಿ ಕಣ್ಣಾಗಿ ಉಳಿಯುತ್ತದೆ. ಪಾಪೆ ಮುಚ್ಚಿಲ್ಲದಿದ್ದರೂ ರೆಪ್ಪೆಯ ಒತ್ತಡದಿಂದ ಸಿಲಿಂಡರ್ ಪವರ್ ಬಂದು ಅದೇ ಗತಿ. ಕಂಡ ಕೂಡಲೇ ಪರೀಕ್ಷೆ, ಆಮೇಲೆ ವೈದ್ಯರು ಹೇಳಿದಂತೆ ಕೆಲವು ತಿಂಗಳಿಗೊಮ್ಮೆ. ಪಾಪೆ ಮುಚ್ಚಿದ್ದರೆ ತಿಂಗಳುಗಳ ಶಿಶುವಿಗೂ ಆಪರೇಷನ್ ಮಾಡುತ್ತಾರೆ, ಇಲ್ಲದಿದ್ದರೆ 3ರಿಂದ 5 ವರ್ಷದ ನಡುವೆ. ರೆಪ್ಪೆ ಎತ್ತಿದ ಮೇಲೂ ಕನ್ನಡಕ, ಒಳ್ಳೆಯ ಕಣ್ಣಿಗೆ ಪಟ್ಟಿ ಮುಂದುವರಿಯಬೇಕು. ಇದನ್ನು ಅರ್ಧಕ್ಕೆ ಬಿಡುವವರೇ ಹೆಚ್ಚು. ಮೊದಲು ಸರಿ ಇದ್ದ ಮಗುವಿನ ರೆಪ್ಪೆ ಈಚೆಗೆ ಇಳಿದಿದ್ದರೆ ಗಡ್ಡೆ ಇಲ್ಲವೆಂದು ಖಾತ್ರಿಯಾಗುವ ತನಕ ಸುಮ್ಮನಿರಬಾರದು.

ಎತ್ತುವುದು ಹೇಗೆ

ಸ್ನಾಯು ಗಟ್ಟಿ ಇದ್ದರೆ ರೆಪ್ಪೆಯ ಮಡಿಕೆಯಲ್ಲೇ ಕೊಯ್ದು ಬಿಳಿ ಪಟ್ಟಿಯನ್ನು ಮುಂದೆಳೆದು ಫಲಕಕ್ಕೆ ಹೊಲಿಯುತ್ತಾರೆ. ದೊಡ್ಡವರಿಗೆ ಆ ಜಾಗ ಮಾತ್ರ ಮರಗಟ್ಟಿಸಿ ಮಾಡುವುದು. ನಡುವೆ ಎಬ್ಬಿಸಿ ಕೂರಿಸಿ, ಕಣ್ಣು ಬಿಡಿಸಿ, ಎತ್ತರ ನೋಡಿ ಹೊಲಿಗೆ ಬಿಗಿ ಮಾಡುತ್ತಾರೆ. ಸೌಮ್ಯವಾಗಿದ್ದರೆ 2.5 ಶೇಕಡಾ ಫಿನೈಲ್‌ಎಫ್ರಿನ್ ಡ್ರಾಪ್ಸ್ ಹಾಕಿ ಕೆಲವು ನಿಮಿಷ ಕಾಯುತ್ತಾರೆ. ರೆಪ್ಪೆ ಎದ್ದರೆ ಒಳಭಾಗದಿಂದಲೇ ಮುಲ್ಲರ್ ಸ್ನಾಯುವನ್ನು ಗಿಡ್ಡ ಮಾಡಬಹುದು, ಹೊರಗೆ ಗಾಯವಿಲ್ಲ. ಸ್ನಾಯುವಿನಲ್ಲಿ ಶಕ್ತಿಯೇ ಇಲ್ಲದಿದ್ದರೆ ಸಿಲಿಕಾನ್ ಎಳೆ ಅಥವಾ ತೊಡೆಯಿಂದ ತೆಗೆದ ನಾರಿನ ಪಟ್ಟಿಯಿಂದ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುವುದು.

ಎಲ್ಲದಕ್ಕೂ ಮೊದಲು ನೋಡಬೇಕಾದ್ದು, ಕಣ್ಣು ಮುಚ್ಚಿದಾಗ ಗುಡ್ಡೆ ಮೇಲಕ್ಕೆ ಹೊರಳುತ್ತದೆಯೇ, ಕಣ್ಣೀರು ಸಾಕಷ್ಟಿದೆಯೇ ಎಂದು. ಆಪರೇಷನ್ ಆದ ಕಣ್ಣು ನಿದ್ದೆಯಲ್ಲಿ ಸ್ವಲ್ಪ ತೆರೆದೇ ಇರಬಹುದು. ಗುಡ್ಡೆ ಹೊರಳದಿದ್ದರೆ ಕಪ್ಪುಭಾಗ ಒಣಗಿ ಹುಣ್ಣಾಗುತ್ತದೆ. ಇಳಿದ ರೆಪ್ಪೆಯನ್ನು ಬೆರಳಿನಿಂದ ಎತ್ತಿದಾಗ ಇನ್ನೊಂದು ಇಳಿಯುತ್ತದೆಯೇ ಎಂದೂ ನೋಡಬೇಕು. ಎರಡೂ ರೆಪ್ಪೆಗೆ ಮಿದುಳಿನ ಆಜ್ಞೆ ಸಮಪಾಲು, ಒಂದನ್ನು ಎತ್ತಿದ ಮೇಲೆ ಇನ್ನೊಂದರ ತೊಂದರೆ ಬಯಲಾಗುವುದುಂಟು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನುಂಗುವವರು ಮೊದಲೇ ತಿಳಿಸಿ. ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ವಿಮೆಯವರು ಸೌಂದರ್ಯ ಚಿಕಿತ್ಸೆ ಎಂದು ತಳ್ಳಿಹಾಕದಂತೆ ಮಿ.ಮೀ. ಅಳತೆ, ಫೋಟೋ, ದೃಷ್ಟಿಕ್ಷೇತ್ರದ ಚಾರ್ಟು ಫೈಲಿನಲ್ಲಿರಲಿ.

ಆಪರೇಷನ್ ಆದ ಮೊದಲ ಎರಡು ದಿನ ಎಚ್ಚರವಿರುವಾಗ ಆಗಾಗ ಮಂಜುಗಡ್ಡೆಯ ತಂಪು, ರಾತ್ರಿ ತಲೆದಿಂಬು ಎತ್ತರ, ಮಲಗುವಾಗ ಮುಲಾಮು. ಹೊಲಿಗೆ ಬಿಚ್ಚುವುದು 5ರಿಂದ 7 ದಿನಕ್ಕೆ. ಎರಡು ವಾರ ತೆಂಗಿನಕಾಯಿ ಚೀಲ ಹೊರುವುದು, ಕೆರೆಯಲ್ಲಿ ಮುಳುಗುವುದು, ಬೋರ್ಡೋ ಮದ್ದು ಬಿಡುವ ತೋಟಕ್ಕೆ ಹೋಗುವುದು ಬೇಡ. ಬಾವು ಇಳಿದು ನಿಜವಾದ ಎತ್ತರ ಕಾಣಲು 6ರಿಂದ 12 ವಾರ ಬೇಕು. ಒಂದು ಮಿ.ಮೀ. ವ್ಯತ್ಯಾಸಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಎರಡನೇ ಸಲ ಸರಿಪಡಿಸುವುದು ಅಪರೂಪವೇನಲ್ಲ. ಆದರೆ ಆಪರೇಷನ್ ಆದ ದಿನವೋ ಮರುದಿನವೋ ಕಣ್ಣು ಮುಂದೆ ನೂಕಿ, ತಡೆಯಲಾಗದ ನೋವು ಬಂದು, ದೃಷ್ಟಿ ಮಂದವಾದರೆ ಒಳಗೆ ರಕ್ತ ತುಂಬುತ್ತಿದೆ. ಅದಕ್ಕೆ ನಿಮಿಷಗಳ ಲೆಕ್ಕ.

ಕತ್ತಿ ಬೇಡವೆನ್ನುವವರಿಗೆ ಆಕ್ಸಿಮೆಟಾಜೋಲಿನ್ 0.1 ಶೇಕಡಾ ಕಣ್ಣಿನ ಡ್ರಾಪ್ಸ್ ಒಂದು ದಾರಿ. ಅಮೆರಿಕದಲ್ಲಿ 2020ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಮುಲ್ಲರ್ ಸ್ನಾಯುವನ್ನು ಕೆಲವು ಗಂಟೆ ಬಿಗಿ ಮಾಡುತ್ತದೆ, ಲಾಭ ಸುಮಾರು ಒಂದು ಮಿ.ಮೀ. ಅದೇ ಹೆಸರಿನ ಮೂಗಿನ ಡ್ರಾಪ್ಸ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆಂದು ಕಣ್ಣಿಗೆ ಬಿಡಬೇಡಿ.

ಇನ್ನೊಂದು ಹಳೆಯ ಉಪಾಯ ಊರುಗೋಲಿನ ಕನ್ನಡಕ. ಫ್ರೇಮಿನ ಒಳಬದಿಗೆ ಬಾಗಿದ ತಂತಿ ಜೋಡಿಸಿ ರೆಪ್ಪೆಯ ಮಡಿಕೆಯನ್ನು ಮೇಲಕ್ಕೆ ತಳ್ಳಿ ಹಿಡಿಯುವುದು. ಗುಡ್ಡೆ ಅಲುಗಾಡದವರಿಗೆ, ಆಪರೇಷನ್ ಅಪಾಯವಾದವರಿಗೆ ಇದೇ ಒಳ್ಳೆಯದು. ಬೆಸೆಯಲು ಗಟ್ಟಿ ಲೋಹದ ಫ್ರೇಮು ಆರಿಸಿ, ತಂತಿಯ ತುದಿ ದುಂಡಗಿರಲಿ. ಮೊದಲ ವಾರ ಅರ್ಧ ಗಂಟೆಯಂತೆ ದಿನಕ್ಕೆ ಎರಡು ಸಲ ಹಾಕಿ, ಆಮೇಲೆ ಹೆಚ್ಚಿಸಿ. ಇದು ಹಾಕಿರುವಾಗ ಕಣ್ಣು ಪೂರ್ತಿ ಮಿಟುಕಲು ಆಗುವುದಿಲ್ಲ, ಆದ್ದರಿಂದ ಎರಡು ಮೂರು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ ಬಿಡಬೇಕು. ಕಿವಿಯ ಕಡ್ಡಿ ಸಡಿಲವಾದರೆ ತಂತಿಯೂ ಜಾರುತ್ತದೆ. ಆಗಾಗ ಕನ್ನಡಕದ ಅಂಗಡಿಯಲ್ಲಿ ಬಿಗಿ ಮಾಡಿಸಿಕೊಳ್ಳಿ.